ಆರು ಗುಂಟೆ ಬೆಳ್ಳಿ

ಅಪ್ಪನ ಕಾಲಿಗೆ ಜಾಲಿ ಮುಳ್ಳು ಯಾವತ್ತು ಚುಚ್ಚಿತು ಅಂತ ಅಪ್ಪನಿಗೇ ಗೊತ್ತಿಲ್ಲ. ಹದಿನಾಲ್ಕು ವರ್ಷದ ಶುಗರ್. ಪಾದ ಮರಗಟ್ಟಿ ಎಷ್ಟು ಕಾಲವಾಗಿತ್ತೋ, ಯಾರೂ ನೋಡಿರಲಿಲ್ಲ. ಅದು ನಾಟಿಯ ಹೊತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು. ಕಾರಟಗಿ ಕಡೆಯ ನಮ್ಮೂರಲ್ಲಿ ಆ ದಿನಗಳಲ್ಲಿ ಎಲ್ಲರೂ ಕೆಸರಲ್ಲೇ. ಒಂದು ರಾತ್ರಿ ಅವ್ವ ಹಾಸಿಗೆ ಝಾಡಿಸುವಾಗ ದುಪ್ಪಟಿಯ ತುದಿಯಲ್ಲಿ ಹಳದಿ ಕಲೆ ಕಂಡಳು. ಅಪ್ಪನ ಬಲಗಾಲು ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ತೂತು. ಮುಳ್ಳಿನ ಮುರಿದ ತುದಿ ಇನ್ನೂ ಒಳಗೇ ಇತ್ತು.

"ನೋವಿಲ್ಲ ಬಿಡ, ಏನ್ ಆಗ್ತೈತಿ" ಅಂದನಂತೆ ಅಪ್ಪ.

ನನಗೆ ಸುದ್ದಿ ಬಂದದ್ದು ಹನ್ನೆರಡು ದಿನದ ಮೇಲೆ. ನಾನು ಗಂಗಾವತಿಯಲ್ಲಿ ಇರುವುದು, ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. "ಸಾಲಿ ಬಿಟ್ಟು ಬರ್ತಾಳ, ಸುಮ್ನ ಯಾಕ ಹೇಳಬೇಕು" ಅಂತ ಇಬ್ಬರೂ ಮುಚ್ಚಿಟ್ಟಿದ್ದರು. ಆ ಹನ್ನೆರಡು ದಿನದಲ್ಲಿ ಗಾಯಕ್ಕೆ ಅರಿಶಿನ ಬಿದ್ದಿತ್ತು, ಹೊಗೆಸೊಪ್ಪಿನ ಪುಡಿ ಬಿದ್ದಿತ್ತು. ಡಿಗ್ರಿ ಇಲ್ಲದ ಊರ ಆರ್‌ಎಂಪಿ ಡಾಕ್ಟರ ಹತ್ತಿರ ನಾಲ್ಕು ಸೂಜಿ ಆಗಿತ್ತು. ಮೂರು ದಿನ ಒಂದು ಬಣ್ಣದ ಗುಳಿಗೆ, ಮೂರು ದಿನ ಇನ್ನೊಂದು. ಅದು ಮುಗಿದ ಮೇಲೆ ತಮ್ಮ ಖಾಲಿ ಪಟ್ಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಮತ್ತೆ ಎರಡು ದಿನಕ್ಕೆ ತಂದಿದ್ದ. ಆ ಪಟ್ಟಿಗಳ ಬೆನ್ನಿಗೆ ಕೆಂಪು ಗೆರೆ ಇತ್ತು. ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅಂತ ಹೇಳುವ ಗೆರೆ ಅದು. 2016ರಲ್ಲಿ ಕೇಂದ್ರ ಸರ್ಕಾರ ಅದರ ಬಗ್ಗೆ ಪ್ರಚಾರವನ್ನೂ ಮಾಡಿತ್ತು. ತಮ್ಮನಿಗೆ ಅದು ಕಂಪನಿಯ ಡಿಸೈನು ಅನ್ನಿಸಿತ್ತು.

ನಾನು ಹೋಗಿ ನೋಡಿದಾಗ ಪಾದ ಊದಿತ್ತು. ಕೆಂಪು ಹಿಮ್ಮಡಿಯ ಕಡೆಗೆ ಏರಿತ್ತು. ವಾಸನೆ ಹೊಸ್ತಿಲಲ್ಲೇ ಬಂತು. ಮರುದಿನ ಬೆಳಗ್ಗೆ ಕಂಪ್ಲಿ, ಕುರುಗೋಡು ದಾಟಿ ಬಳ್ಳಾರಿಗೆ ಹೊರಟೆವು.

ಬಳ್ಳಾರಿ ಆಸ್ಪತ್ರೆಯಲ್ಲಿ ಸರ್ಜನ್ ಮೊದಲು ಗಾಯ ನೋಡಲಿಲ್ಲ. ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದು ಅಪ್ಪನ ಎರಡೂ ಅಂಗಾಲಿಗೆ ಅಲ್ಲಲ್ಲಿ ಒತ್ತಿದರು. "ಅಜ್ಜಾರ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ರಿ." ಅಪ್ಪ ಕಣ್ಣು ಮುಚ್ಚಿ ಕೂತ. ಹತ್ತು ಕಡೆ ಒತ್ತಿದರು. ಅಪ್ಪ ಎರಡು ಸಲ ಹೂಂ ಅಂದ. ಅದರಲ್ಲಿ ಒಂದು ಸಲ ಒತ್ತಿರಲೇ ಇಲ್ಲ.

ಆಮೇಲೆ ಪಾದದ ಮೇಲೆ ನಾಡಿ ಹಿಡಿದು ನೋಡಿದರು. ರಕ್ತ ಹರಿಯುತ್ತಿದೆ, ಅದೇ ನಮ್ಮ ಪುಣ್ಯ ಅಂದರು. ಉಕ್ಕಿನ ಕಡ್ಡಿಯೊಂದನ್ನು ಗಾಯದೊಳಗೆ ಬಿಟ್ಟು ಮೂಳೆಗೆ ಟಕ್ ಅಂತ ತಾಗುತ್ತದಾ ಅಂತ ಪರೀಕ್ಷೆ ಮಾಡಿದರು. ತಾಗಲಿಲ್ಲ. ಎಕ್ಸ್‌ರೇನಲ್ಲೂ ಮೂಳೆಗೆ ಏನೂ ಆಗಿರಲಿಲ್ಲ. ಮೂರು ತಿಂಗಳ ಶುಗರ್ ಹೇಳುವ ರಕ್ತಪರೀಕ್ಷೆ 11.2 ತೋರಿಸಿತು. ಆ ಸಂಖ್ಯೆ ನೋಡಿ ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ.

ಅವತ್ತು ಸಂಜೆಯೇ ಕೊಳೆತ ಮಾಂಸ ಕತ್ತರಿಸಿ ತೆಗೆದರು. ವಾರ್ಡಿನವರೆಲ್ಲ ಇದಕ್ಕೆ ಡಿಬ್ರೈಡ್‌ಮೆಂಟ್ ಅನ್ನುತ್ತಾರೆ, ಎರಡು ದಿನ ಇದ್ದರೆ ಅಲ್ಲಿ ಕಸ ಗುಡಿಸುವವರ ಬಾಯಲ್ಲೂ ಅದೇ ಮಾತು. ಹೊರಗೆ ಬಂದ ಪಾದ ನೋಡಿ ಅವ್ವ ಅಳತೊಡಗಿದಳು. ಎಂಟಾಣೆ ಅಗಲದ ತೂತು ಈಗ ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಅಗಲ. "ವಾಸಿ ಮಾಡ್ರಿ ಅಂತ ಕರಕೊಂಡ್ ಬಂದ್ರ, ಇದ್ದದ್ದನ್ನ ದೊಡ್ಡದ್ ಮಾಡ್ಯಾರಲ್ಲವ್ವ!" ಸತ್ತ ಮಾಂಸ ಒಳಗಿದ್ದರೆ ಹೊಸ ಮಾಂಸ ಬರೋದಿಲ್ಲ, ರೋಗಾಣುವಿಗೆ ಅದೇ ಮನೆ, ಅದೇ ಊಟ ಅಂತ ಸಿಸ್ಟರ್ ಸಮಾಧಾನ ಮಾಡಿದರು. ಅವ್ವ ಒಪ್ಪಲಿಲ್ಲ. ನಾನೂ ಮನಸ್ಸಿನಲ್ಲಿ ಪೂರ್ತಿ ಒಪ್ಪಿರಲಿಲ್ಲ.

ಕತ್ತರಿಸಿದಾಗ ಗಾಯದ ಆಳದಿಂದ ಒಂದು ಚೂರು ಮಾಂಸ ಲ್ಯಾಬಿಗೆ ಹೋಗಿತ್ತು. ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲೆ ಸುಮ್ನೆ ಕೂತಿರುವ ರೋಗಾಣುಗಳೆಲ್ಲ ಬೆಳೆದು ದಾರಿ ತಪ್ಪಿಸುತ್ತವಂತೆ. ಮೂರನೇ ದಿನ ಕಲ್ಚರ್ ರಿಪೋರ್ಟ್ ಬಂತು. ನನ್ನ ಮಕ್ಕಳ ಮಾರ್ಕ್ಸ್ ಕಾರ್ಡಿನ ಹಾಗೆಯೇ ಇತ್ತು. ಎಡಕ್ಕೆ ಔಷಧಿಗಳ ಹೆಸರು, ಬಲಕ್ಕೆ ಒಂದೊಂದು ಅಕ್ಷರ. ಎಸ್ ಅಂದರೆ ಕೆಲಸ ಮಾಡುತ್ತದೆ, ಆರ್ ಅಂದರೆ ಇಲ್ಲ. ಮೇಲಿನಿಂದ ಆರ್, ಆರ್, ಆರ್. ಕೆಳಗೆ ವ್ಯಾಂಕೊಮೈಸಿನ್, ಲಿನೆಝೊಲಿಡ್ ಇಂಥ ನಾಲ್ಕೈದಕ್ಕೆ ಮಾತ್ರ ಎಸ್. ರೋಗಾಣುವಿನ ಹೆಸರಿನ ಮುಂದೆ ಎಂಆರ್‌ಎಸ್‌ಎ ಅಂತಿತ್ತು.

ತಮ್ಮ ತಂದಿದ್ದ ಗುಳಿಗೆಯ ಹೆಸರು ಮೊದಲ ಸಾಲಿನಲ್ಲೇ ಇತ್ತು. ಆರ್.

ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದುತ್ತಾ ಹೋದೆ. ಎಂಆರ್‌ಎಸ್‌ಎ ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್ ಆರಿಯಸ್. ಪೆನಿಸಿಲಿನ್‌ಗೆ ಬಗ್ಗದ ರೋಗಾಣುಗಳನ್ನು ಹೊಡೆಯಲೆಂದೇ ಮೆಥಿಸಿಲಿನ್ ಮಾಡಿದ್ದು. ಅದು ಬಳಕೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ, 1961ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೂ ಬಗ್ಗದ್ದು ಸಿಕ್ಕಿತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಇದನ್ನು ಹೇಳಿದ್ದರು. ಯಾರೋ ಒಬ್ಬ ಅಂಗಡಿಯಲ್ಲಿ ಪೆನಿಸಿಲಿನ್ ಕೊಂಡು, ಸಾಲದಷ್ಟು ತಿಂದು, ರೋಗಾಣುವನ್ನು ಸಾಯಿಸದೆ ಪಳಗಿಸಿಬಿಡುತ್ತಾನೆ, ಅದು ಮನೆಯ ಇನ್ನೊಬ್ಬರನ್ನು ಕೊಲ್ಲುತ್ತದೆ ಅಂತ. ಎಂಬತ್ತು ವರ್ಷದ ಹಿಂದೆ ಯಾರೋ ನನ್ನ ತಮ್ಮನ ಬಗ್ಗೆ ಮಾತಾಡಿದಂತಿತ್ತು. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ನೇರವಾಗಿ ಬಲಿ ತೆಗೆದುಕೊಂಡ ಜೀವ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಅನ್ನುವ ಲೆಕ್ಕವೂ ಸಿಕ್ಕಿತು. ಮೊಬೈಲ್ ಆರಿಸಿ ಒಳಗೆ ಹೋಗಿ ಅಪ್ಪನ ಕಾಲು ಮುಟ್ಟಿ ನೋಡಿದೆ. ಬಿಸಿ ಕಡಿಮೆಯಾದಂತೆ ಅನ್ನಿಸಿತು. ಅನ್ನಿಸಿದ್ದೋ, ಬೇಕಾಗಿದ್ದೋ.

ಮರುದಿನ ಔಷಧಿ ಬದಲಾಯಿತು. ಲಿನೆಝೊಲಿಡ್ ಶುರು. ಇದು ರಕ್ತದ ಕಣಗಳನ್ನು ಇಳಿಸಬಹುದು, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು ಅಂದರು. ಜೊತೆಗೆ ಇನ್ಸುಲಿನ್. ಮತ್ತೆ ಸಿಸ್ಟರ್ ಒಂದು ಪೊಟ್ಟಣ ತಂದರು. ಒಳಗೆ ಬೂದು ನೀಲಿ ಬಣ್ಣದ ತೆಳು ಹಾಳೆ. ಸೊಳ್ಳೆ ಪರದೆಯ ಚೂರಿನ ಹಾಗೆ, ಬೆಳಕಿಗೆ ಹಿಡಿದರೆ ಲೋಹದ ಹೊಳಪು.

"ಇದರಾಗ ಬೆಳ್ಳಿ ಐತ್ರಿ ಟೀಚರ್. ನ್ಯಾನೊ ಬೆಳ್ಳಿ."

ಅಂಗೈ ಅಗಲದ ಆ ಹಾಳೆಯ ರೇಟು ಕೇಳಿ ತಮ್ಮ ಹುಬ್ಬು ಏರಿಸಿದ. ಅವ್ವ ಮಾತ್ರ ಬೆಳ್ಳಿ ಅಂದ ಕೂಡಲೇ ಹತ್ತಿರ ಬಂದಳು. "ಅದಕ್ಕ ಹಿಂದಿನವರು ಕೂಸಿಗೆ ಬೆಳ್ಳಿ ಒಳಲ್ಯಾಗ ಹಾಲು ಕುಡಿಸ್ತಿದ್ರು" ಅಂದಳು. ಮನೆಯಲ್ಲಿ ಲಕ್ಷ್ಮಿ ಪೂಜೆಯ ಬೆಳ್ಳಿ ರೂಪಾಯಿ ಇದೆ, ಅದನ್ನೇ ಗಾಯದ ಮೇಲೆ ಕಟ್ಟಿದರೆ ಆಗೋದಿಲ್ವಾ ಅನ್ನೋದು ಅವಳ ಮುಂದಿನ ಪ್ರಶ್ನೆ. ನಗುವ ಪ್ರಶ್ನೆ ಅಲ್ಲ ಅದು. ನಾಣ್ಯದ ಬೆಳ್ಳಿಗೂ ಹಾಳೆಯ ಬೆಳ್ಳಿಗೂ ಲೋಹ ಒಂದೇ.

ಸಂಜೆ ಇನ್ಸುಲಿನ್ ಆದ ಮೇಲೆ ಅಪ್ಪನಿಗೆ ಲೆಕ್ಕ ಹಾಕಿ ತೋರಿಸಿದೆ. ನನಗೆ ಬೇರೆ ಕೆಲಸವೂ ಇರಲಿಲ್ಲ. ಒಂದು ಸೆಂಟಿಮೀಟರಿನ ಚೌಕ ಬೆಳ್ಳಿ ಗಟ್ಟಿ ತಗೋ ಅಂದೆ. ಹೆಚ್ಚೂ ಕಡಿಮೆ ಒಂದು ತೊಲ ತೂಗುತ್ತದೆ. ಅದರ ಆರು ಮುಖ ಸೇರಿ ಆರು ಚದರ ಸೆಂಟಿಮೀಟರ್. ಬೆಳ್ಳಿ ಕೆಲಸ ಮಾಡೋದು ಹೊರಮುಖದಿಂದ ಮಾತ್ರ, ಒಳಗಿರೋದು ಸುಮ್ನೆ ಕೂತಿರುತ್ತೆ. ಈಗ ಅದನ್ನು ಹತ್ತು ನ್ಯಾನೊಮೀಟರಿನ ಚೂರು ಮಾಡು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ನ್ಯಾನೊಮೀಟರ್. ನಮ್ಮ ಕೂದಲೇ ಸುಮಾರು ಎಂಬತ್ತು ಸಾವಿರ ನ್ಯಾನೊಮೀಟರ್ ದಪ್ಪ, ನಿನ್ನ ಕಾಲಿನ ರೋಗಾಣು ಹತ್ತಿರ ಹತ್ತಿರ ಸಾವಿರ. ಇಷ್ಟು ಸಣ್ಣ ಚೂರು ಮಾಡಿದರೆ ಅದೇ ಒಂದು ತೊಲ ಬೆಳ್ಳಿಯ ಎಲ್ಲ ಮುಖ ಸೇರಿ ಆರು ನೂರು ಚದರ ಮೀಟರ್.

"ಗುಂಟೆಗೆ ಎಷ್ಟ ಆತು?"

"ಆರು ಗುಂಟೆ."

ಅಪ್ಪ ಸ್ವಲ್ಪ ಹೊತ್ತು ಚಾವಣಿ ನೋಡಿದ. "ಒಂದ್ ತೊಲಕ್ಕ ಆರ್ ಗುಂಟೆ. ಹಂಗಾರ ಪಹಣಿ ಮಾಡಿಸಿಬಿಡು."

ಹತ್ತು ದಿನದಲ್ಲಿ ಅಪ್ಪ ಮೊದಲ ಸಲ ತಮಾಷೆ ಮಾಡಿದ್ದು ಅವತ್ತು.

ಒದ್ದೆಯಾದಾಗ ಆ ಆರು ಗುಂಟೆಯಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಬೆಳ್ಳಿಯ ಪರಮಾಣುಗಳು, ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತವೆ. ಅವು ರೋಗಾಣುವಿನ ಗೋಡೆಗೆ ಅಂಟುತ್ತವೆ, ಒಳಗಿನ ಪ್ರೋಟೀನುಗಳಲ್ಲಿರುವ ಗಂಧಕವನ್ನು ಹಿಡಿದು ಅವು ಕೆಲಸ ಮಾಡದಂತೆ ಕಟ್ಟಿಹಾಕುತ್ತವೆ, ಡಿಎನ್‌ಎಗೂ ಕೈ ಹಾಕುತ್ತವೆ. ಸಾಮಾನ್ಯ ಆಂಟಿಬಯೋಟಿಕ್ ಒಂದು ಬಾಗಿಲಿನಿಂದ ನುಗ್ಗುತ್ತದೆ. ಆ ಬಾಗಿಲಿನ ಬೀಗ ಬದಲಿಸಿಕೊಂಡರೆ ರೋಗಾಣು ಬಚಾವ್. ಬೆಳ್ಳಿ ನಾಲ್ಕು ಕಡೆಯಿಂದ ಒಟ್ಟಿಗೆ ಬರುತ್ತದೆ. ಅದಕ್ಕೇ ಎಂಆರ್‌ಎಸ್‌ಎ ಆದರೂ ಇದಕ್ಕೆ ಬಗ್ಗುತ್ತದೆ. ಬೆಳ್ಳಿಯನ್ನು ಇಂಥ ಸಣ್ಣ ಹರಳು ಮಾಡಿ ಬಟ್ಟೆಗೆ ಹಿಡಿಸುವ ವಿಧಾನ 1990ರ ದಶಕದಲ್ಲಿ ಕೆನಡಾದ ರಾಬರ್ಟ್ ಬರೆಲ್ ಅವರ ಕೆಲಸದಿಂದ ಬಂತು. ಮೊದಲು ಬಳಸಿದ್ದು ಸುಟ್ಟ ಗಾಯಗಳಿಗೆ.

ನಾನು ಇದನ್ನೆಲ್ಲ ಓದಿ ಉಬ್ಬಿಹೋಗಿದ್ದೆ. ಮರುದಿನ ರೌಂಡ್ಸಿಗೆ ಬಂದ ಸರ್ಜನ್ ಆ ಗಾಳಿ ತೆಗೆದರು. "ನೋಡ್ರಿ ಟೀಚರ್, ಈ ಹಾಳೆ ಬೇಲಿ ಇದ್ದಂಗ. ಗೊಬ್ಬರ ಅಲ್ಲ. ಬೇಲಿ ಹಾಕಿದ್ರ ದನ ಬರಂಗಿಲ್ಲ, ಆದ್ರ ಬೆಳಿ ತಾನಾಗೇ ಬರಂಗಿಲ್ಲ." ಮಾಂಸದ ಒಳಗೆ ಹೊಕ್ಕ ಸೋಂಕಿಗೆ ಗುಳಿಗೆಯೇ ಬೇಕು. ಹಾಳೆ ಮೇಲ್ಮೈ ಕಾಯುತ್ತದೆ ಅಷ್ಟೇ. ಗಾಯ ತುಂಬೋದು ರಕ್ತದಿಂದ, ಶುಗರ್ ಇಳಿದರೆ, ಪಾದದ ಮೇಲೆ ಭಾರ ಬೀಳದಿದ್ದರೆ. ಶುಗರಿನ ಗಾಯ ಬೇಗ ಮಾಯಲಿ ಅಂತ ಎಲ್ಲರಿಗೂ ಬೆಳ್ಳಿ ಹಾಕಬೇಡಿ ಅಂತಲೇ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ ಅಂತಲೂ ಹೇಳಿದರು. ಹಾಗಾದರೆ ನಮಗೆ ಯಾಕೆ ಅಂದೆ. ಸೋಂಕು ಜೋರಿದೆ, ಮೇಲೆ ರೋಗಾಣುಗಳ ಲೋಳೆ ಪದರ ಕಟ್ಟಿದೆ, ಎರಡು ವಾರ ಹಾಕಿ ನೋಡೋಣ, ಆಮೇಲೆ ನಿಲ್ಲಿಸ್ತೀನಿ ಅಂದರು. ಬೆಳ್ಳಿಗೂ ಬಗ್ಗದ ರೋಗಾಣು 1975ರಲ್ಲೇ ಬಾಸ್ಟನ್ನಿನ ಸುಟ್ಟಗಾಯದ ವಾರ್ಡೊಂದರಲ್ಲಿ ಕಂಡಿತ್ತಂತೆ. ಇದನ್ನೂ ಸಿಕ್ಕ ಸಿಕ್ಕಲ್ಲಿ ಬಳಸಿದರೆ ಇದೂ ಆ ಪಟ್ಟಿಯಲ್ಲಿ ಆರ್ ಆಗುತ್ತದೆ. ಇಷ್ಟು ನೇರವಾಗಿ ಹೇಳುವ ಡಾಕ್ಟರು ಸಿಗುವುದು ಕಷ್ಟ.

ಆರನೇ ದಿನ ಮನೆಗೆ ಕಳಿಸಿದರು. ಮೂರು ದಿನಕ್ಕೊಮ್ಮೆ ಬಳ್ಳಾರಿಗೆ ಬಂದು ಹಾಳೆ ಬದಲಿಸಬೇಕು. ಮುಂಪಾದ ನೆಲಕ್ಕೆ ತಾಗದಂತೆ ಹಿಮ್ಮಡಿ ಕಡೆ ಮಾತ್ರ ದಪ್ಪ ಇರುವ ಒಂದು ವಿಚಿತ್ರ ಚಪ್ಪಲಿ, ಜೊತೆಗೆ ವಾಕರ್ ಕೊಟ್ಟರು. ಸಂಡಾಸಿಗೆ ಬಿಟ್ಟರೆ ಬೇರೆಲ್ಲಿಗೂ ನಡೆಯುವಂತಿಲ್ಲ. "ಮುದುಕನ್ ಮಾಡಿ ಕೂಡ್ರಿಸಿಬಿಟ್ರಿ" ಅಂತ ಅಪ್ಪ ವಾಕರನ್ನು ಎಮ್ಮೆ ನೋಡಿದ ಹಾಗೆ ನೋಡಿದ. ಮೊದಲ ಎರಡು ಸಲ ಬಾಡಿಗೆ ಕಾರಿನಲ್ಲಿ ಹೋಗಿ ಬಂದೆವು. ಅವ್ವ ಮಾತ್ರ ಬಸ್ಸಿನಲ್ಲೇ ಬರುತ್ತೇನೆ ಅನ್ನುತ್ತಿದ್ದಳು, ಹೆಂಗಸರಿಗೆ ಪುಕ್ಕಟೆ ಇರುವಾಗ ಕಾರಿಗೆ ಯಾಕೆ ಭಾರ ಅಂತ. ಹಾಳೆ ತೆಗೆದಾಗ ಗಾಯದ ಅಂಚಿನಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಮಾಂಸ ಕಾಣತೊಡಗಿತ್ತು. ಸುತ್ತಲ ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು. ಹೆದರಬೇಡಿ, ಬೆಳ್ಳಿಯ ಕಲೆ, ಹೋಗುತ್ತದೆ ಅಂದರು ಸಿಸ್ಟರ್.

ಅಷ್ಟರಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿಯಿತು. ಡ್ಯಾಮ್ ತುಂಬಿ ಗೇಟು ತೆಗೆದರು. ಕಂಪ್ಲಿ ಸೇತುವೆ ಮೇಲೆ ನೀರು ಬಂದು ಓಡಾಟ ಬಂದ್ ಆಯಿತು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಸುತ್ತು ಹಾಕಿ ಹೋಗಬಹುದಿತ್ತು. ಆದರೆ ಅವತ್ತು ಕಾರಿನವನು ಬರಲಿಲ್ಲ, ನನಗೆ ಶಾಲೆಯಲ್ಲಿ ಪರೀಕ್ಷೆ. ಸಿಸ್ಟರಿಗೆ ಫೋನ್ ಮಾಡಿದೆ. ಮುಂಜಾಗ್ರತೆಗೆ ಅವರು ಎರಡು ಹಾಳೆ ಕೊಟ್ಟಿದ್ದರು. ಮಾಡುವ ರೀತಿಯನ್ನು ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. "ನೀವು ನೋಡೀರಲ್ರಿ, ಮನ್ಯಾಗ ಮಾಡ್ರಿ, ಏನ್ ಆಗಂಗಿಲ್ಲ" ಅಂದರು.

ಆ ಸಂಜೆ ನಮ್ಮ ಪಡಸಾಲೆ ಆಪರೇಷನ್ ಥಿಯೇಟರ್ ಆಯಿತು. ಫ್ಯಾನ್ ಆರಿಸಿದೆ. ಕೋಳಿಗಳನ್ನು ಹೊರಗೆ ಅಟ್ಟಿದೆವು. ಅವ್ವ ಹೊಸ ದುಪ್ಪಟಿ ಹಾಸಿದಳು. ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು ಗ್ಲೌಸ್ ಹಾಕಿಕೊಂಡೆ. ತಮ್ಮ ಟಾರ್ಚ್ ಹಿಡಿದ. ಹಳೆಯ ಬ್ಯಾಂಡೇಜು ಬಿಚ್ಚುವಾಗ ನನ್ನ ಕೈ ನಡುಗಿದ್ದು ಎಲ್ಲರಿಗೂ ಕಂಡಿತು. ಅಪ್ಪನಿಗೆ ನೋವಿರಲಿಲ್ಲ, ಅವನು ಟಿವಿಯಲ್ಲಿ ಡ್ಯಾಮಿನ ಸುದ್ದಿ ನೋಡುತ್ತಿದ್ದ.

ಚೀಟಿಯಲ್ಲಿ ಹೀಗಿತ್ತು: ಹಾಳೆಯನ್ನು ಸ್ಟೆರೈಲ್ ವಾಟರಿನಲ್ಲಿ ಒದ್ದೆ ಮಾಡಿ, ಹೆಚ್ಚಿನ ನೀರು ಇಳಿಸಿ, ಗಾಯದ ಅಳತೆಗೆ ಕತ್ತರಿಸಿ ಇಡಿ. ತಮ್ಮ ಕಾರಟಗಿಗೆ ಹೋಗಿ ಬಾಟಲಿ ತಂದಿದ್ದ. ನೋಡಿದರೆ ಸಲೈನ್. "ಸ್ಟೆರೈಲ್ ವಾಟರ್ ಖಾಲಿ ಆಗೇತಂತ ಅಕ್ಕ. ಎರಡೂ ಒಂದ ಅಂದ ಅಂಗಡಿಯಂವ."

ನಾನು ಒಂದು ಗಳಿಗೆ ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು. ಸಲೈನ್ ಅಂದರೆ ಇನ್ನೂ ಒಳ್ಳೆಯದಲ್ವಾ ಅನ್ನಿಸಿತು. ನೀರು ಬರೀ ನೀರು, ಸಲೈನ್ ಔಷಧಿ. ನಮ್ಮ ಊರುಗಳಲ್ಲಿ ಸುಸ್ತಾದವರೆಲ್ಲ "ಒಂದ್ ಬಾಟ್ಲಿ ಏರಿಸ್ರಿ" ಅಂತ ಕೇಳಿ ಹಾಕಿಸಿಕೊಳ್ಳುವ ಸಲೈನ್. ಗಾಯ ತೊಳೆಯಲು ಎಲ್ಲ ಕಡೆ ಬಳಸುವ ಸಲೈನ್. ಧಾರಾಳವಾಗಿ ಸುರಿದು ಹಾಳೆ ನೆನೆಸಿದೆ. ಇಟ್ಟೆ, ಮೇಲೆ ಗಾಜ್ ಇಟ್ಟೆ, ಬಿಗಿಯಾಗದ ಹಾಗೆ ಬ್ಯಾಂಡೇಜು ಸುತ್ತಿದೆ. ಚೆನ್ನಾಗಿ ಬಂತು. ಫೋಟೋ ತೆಗೆದು ಮನೆಯವರಿಗೆ ಕಳಿಸಿದೆ ಕೂಡ. ಮೂರು ದಿನ ಬಿಟ್ಟು ಎರಡನೇ ಹಾಳೆಯನ್ನೂ ಅದೇ ಬಾಟಲಿಯಿಂದ ನೆನೆಸಿ ಕಟ್ಟಿದೆ. ತೆರೆದಿಟ್ಟ ಬಾಟಲಿ ಮೂರು ದಿನದ ಮೇಲೆ ಶುದ್ಧ ಉಳಿಯುವುದಿಲ್ಲ ಅನ್ನುವುದೂ ಆಗ ಹೊಳೆಯಲಿಲ್ಲ.

ನದಿ ಇಳಿದ ಮೇಲೆ ಬಳ್ಳಾರಿಗೆ ಹೋದೆವು. ಸಿಸ್ಟರ್ ಬಿಚ್ಚಿದರು. ಕೆಂಪು ಮಾಂಸದ ಮೇಲೆ ಹಳದಿ ಪದರ ಮತ್ತೆ ಬಂದಿತ್ತು. ವಾಸನೆಯೂ ಇತ್ತು. ಅವರು ಏನೂ ಹೇಳದೆ ಸರ್ಜನ್ನರನ್ನು ಕರೆದರು.

"ಯಾವುದರಾಗ ಒದ್ದೆ ಮಾಡಿದ್ರಿ?"

ಹೇಳಿದೆ. ಸಿಸ್ಟರ್ ಹಣೆ ಮುಟ್ಟಿಕೊಂಡರು. ಸರ್ಜನ್ ನಗಲಿಲ್ಲ, ಬೈಯಲಿಲ್ಲ. "ಟೀಚರ್, ನೀವು ಯಾವ ಸಬ್ಜೆಕ್ಟು?"

ಆ ಕ್ಷಣದಲ್ಲಿ ನನಗೇ ಹೊಳೆಯಿತು. ಹೊಳೆದದ್ದಲ್ಲ, ಕೆನ್ನೆಗೆ ಬಿದ್ದಂತಾಯಿತು. ಸಲೈನ್ ಅಂದರೆ ಉಪ್ಪುನೀರು. ನೂರು ಎಂಎಲ್‌ನಲ್ಲಿ 0.9 ಗ್ರಾಂ ಸೋಡಿಯಂ ಕ್ಲೋರೈಡ್. ಬೆಳ್ಳಿಯ ಅಯಾನಿಗೆ ಕ್ಲೋರೈಡ್ ಸಿಕ್ಕರೆ ಎರಡೂ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ನೀರಿನಲ್ಲಿ ಕರಗದ ಬಿಳಿ ಪುಡಿ. ಒಮ್ಮೆ ಹಾಗೆ ಕೂತರೆ ಆ ಬೆಳ್ಳಿ ರೋಗಾಣುವಿನ ಹತ್ತಿರ ಹೋಗೋದೇ ಕಷ್ಟ. ಸಿಲ್ವರ್ ಕ್ಲೋರೈಡ್ ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲೇ ಇದೆ. ಬಿಸಿಲಿಗಿಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ ಅನ್ನುವ ಚಟುವಟಿಕೆ. ಪ್ರತಿ ಜೂನ್‌ನಲ್ಲಿ ಪಾಠ ಮಾಡುತ್ತೇನೆ. ಆ ವರ್ಷವೂ ಮಾಡಿ ಎರಡು ತಿಂಗಳಾಗಿತ್ತು ಅಷ್ಟೇ. ಬೋರ್ಡಿನ ಮೇಲೆ ಬರೆದ ಸಮೀಕರಣವನ್ನು ಅಪ್ಪನ ಕಾಲಿನ ಮೇಲೆ ಗುರುತು ಹಿಡಿಯಲಿಲ್ಲ.

ಸಮಾಧಾನಕ್ಕೆ ಅಂತ ಒಂದು ಪ್ರಶ್ನೆ ಕೇಳಿದೆ. ಗಾಯದಿಂದ ಬರುವ ರಸದಲ್ಲೂ ಉಪ್ಪು ಇದೆಯಲ್ಲ ಸರ್, ಅದೂ ಬೆಳ್ಳಿಯನ್ನು ಹಿಡಿಯುತ್ತೆ ಅಲ್ವಾ? ಡಾಕ್ಟರಿಗೆ ಪ್ರಶ್ನೆ ಇಷ್ಟವಾಯಿತು. ಹೌದು, ಹಿಡಿಯುತ್ತದೆ, ಪ್ರೋಟೀನುಗಳೂ ಹಿಡಿಯುತ್ತವೆ, ಅದಕ್ಕೇ ಹಾಳೆಯಲ್ಲಿ ಬೆಳ್ಳಿಯ ದಾಸ್ತಾನು ಇಟ್ಟಿರೋದು, ಖರ್ಚಾದಷ್ಟು ಮತ್ತೆ ಬರಲಿ ಅಂತ. "ದಾರಿ ಖರ್ಚಿಗೆ ಅಂತ ಇಟ್ಟ ರೊಕ್ಕನ ನೀವು ಬಸ್ ಸ್ಟ್ಯಾಂಡಿನಾಗ ಮುಗಿಸಿಬಿಟ್ರಿ" ಅಂದರು. ಎಣ್ಣೆ, ಮುಲಾಮು ಹಚ್ಚಿದರೂ ಹೀಗೇ ಕೆಡುತ್ತದಂತೆ. ಹಾಳೆ ಒಣಗಿದರೂ ಕೆಲಸ ಮಾಡುವುದಿಲ್ಲ. ತೀರಾ ನೆನೆದು ತೊಟ್ಟಿಕ್ಕಿದರೆ ಸುತ್ತಲ ಒಳ್ಳೆ ಚರ್ಮ ನೆನೆದು ಹಾಳಾಗುತ್ತದೆ.

ನಾನು ತಲೆ ತಗ್ಗಿಸಿ ನಿಂತಿದ್ದೆ. ಆಗ ಸರ್ಜನ್ ಕಸದ ಬುಟ್ಟಿಗೆ ಹಾಕಿದ್ದ ಹಳೆ ಬ್ಯಾಂಡೇಜನ್ನು ಚಿಮಟದಲ್ಲಿ ಎತ್ತಿ ಹಿಡಿದರು. ಹೊರಗಿನ ಸುತ್ತಿನಲ್ಲಿ, ಹೆಬ್ಬೆರಳ ಕೆಳಗೆ, ಕಪ್ಪು ಕಲೆ. ಒಣಗಿದ ಎರೆ ಮಣ್ಣು.

"ಅಜ್ಜಾರ, ಇದು ಎಲ್ಲಿದ್ರಿ?"

ಅಪ್ಪ ಕಿಟಕಿ ಕಡೆ ನೋಡಿದ. ತಮ್ಮ ಬಾಗಿಲ ಕಡೆ ನೋಡಿದ. ಅವ್ವನಿಗೆ ಮೊದಲು ಅರ್ಥವಾಯಿತು. "ಹೊಲಕ್ಕ ಹೋಗಿದ್ಯಾ?"

ಹೋಗಿದ್ದ. ಎರಡು ದಿನ. ಮಳೆಗೆ ಬದು ಒಡೆದು ಮೇಲಿನ ಗದ್ದೆ ನೀರೆಲ್ಲ ಪಕ್ಕದವರ ಹೊಲಕ್ಕೆ ಹೋಗುತ್ತಿತ್ತಂತೆ. ತಮ್ಮ ಬೈಕಿನಲ್ಲಿ ಕರೆದುಕೊಂಡು ಹೋಗಿ ಬದುವಿನ ಮೇಲೆ ನಿಲ್ಲಿಸಿದ್ದ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದೆ, ಒದ್ದೆ ಆಗಿಲ್ಲ ಅನ್ನೋದು ಅಪ್ಪನ ವಾದ. ವಿಚಿತ್ರ ಚಪ್ಪಲಿ ಕೆಸರಲ್ಲಿ ಹೂತುಹೋಗುತ್ತೆ ಅಂತ ಅದನ್ನು ಬೈಕಿನ ಹ್ಯಾಂಡಲಿಗೆ ನೇತುಹಾಕಿದ್ದನಂತೆ.

"ಅಂತೂ ತಪ್ಪು ಮನೆತನಕ್ಕೆಲ್ಲ ಸಮ ಹಂಚಿಕಿ ಆತು" ಅಂದರು ಸರ್ಜನ್. ಸಲೈನ್ ಒಂದರಿಂದಲೇ ಇಷ್ಟಾಗುವುದಿಲ್ಲ, ಆ ಗಾಯದ ಮೇಲೆ ಇಡೀ ಮೈ ಭಾರ ಹಾಕಿ ಎರಡು ದಿನ ನಿಂತದ್ದೇ ಜಾಸ್ತಿ ಕೆಡಿಸಿದ್ದು ಅಂತಲೂ ಹೇಳಿದರು. ನನ್ನ ಮನಸ್ಸು ಹಗುರ ಮಾಡಲು ಹೇಳಿದರೋ, ನಿಜವೋ. ನಿಜವೇ ಇರಬೇಕು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ಕತ್ತರಿಸಿದರು, ಈ ಸಲ ಸ್ವಲ್ಪವೇ. ಹಾಳೆಯ ಎರಡು ವಾರದ ಲೆಕ್ಕ ಮೊದಲಿನಿಂದ ಶುರುವಾಯಿತು. ನಾನು ಒಂದು ನೋಟ್‌ಬುಕ್ ಮಾಡಿದೆ. ತಾರೀಕು, ಉದ್ದ, ಅಗಲ, ಬಣ್ಣ, ಬೆಳಗಿನ ಶುಗರ್. ಸ್ಟೆರೈಲ್ ವಾಟರಿನ ಸಣ್ಣ ಸಣ್ಣ ಬಾಟಲಿ ಒಂದು ಡಜನ್ ಬಳ್ಳಾರಿಯಿಂದಲೇ ತಂದೆ, ಒಂದು ಸಲಕ್ಕೆ ಒಂದು, ಉಳಿದದ್ದು ಚೆಲ್ಲು. ಸಲೈನ್ ಬಾಟಲಿಯನ್ನು ಅವ್ವ ಮನೆಯೊಳಗೆ ಇಡಗೊಡಲಿಲ್ಲ. ದನದ ಕೊಟ್ಟಿಗೆಗೆ ಹೋಯಿತು. ತಮ್ಮನಿಗೆ ನಾಟಿಯ ಪೂರ್ತಿ ಹೊಣೆ ಬಿತ್ತು, ಅಪ್ಪ ಕಟ್ಟೆ ಮೇಲೆ ಕಾಲು ಚಾಚಿ ಕೂತು ಫೋನಿನಲ್ಲೇ ಬದು ಕಟ್ಟಿಸಿದ.

ನಾಲ್ಕು ಇದ್ದ ಉದ್ದ ಮೂರೂವರೆ ಆಯಿತು. ಹತ್ತು ದಿನ ಅಲ್ಲೇ ನಿಂತಿತು. ಆಮೇಲೆ ಎರಡೂವರೆ. ಹಳದಿ ಪದರ ಮತ್ತೆ ಬರಲಿಲ್ಲ. ಎರಡು ವಾರ ಮುಗಿದ ದಿನ ಡಾಕ್ಟರು ಬೆಳ್ಳಿ ನಿಲ್ಲಿಸಿದರು. ನನಗೆ ಹೆದರಿಕೆ. ಇನ್ನೂ ಗಾಯ ಮಾಯ್ದಿಲ್ಲ, ಇನ್ನೆರಡು ಹಾಳೆ ಹಾಕಿದರೆ ಏನು ಹೋಗುತ್ತೆ ಅಂದೆ. ರೋಗಾಣು ಹೋದ ಮೇಲೆ ಬೆಳ್ಳಿಗೆ ಅಲ್ಲಿ ಕೆಲಸವಿಲ್ಲ, ಹೊಸದಾಗಿ ಬರುತ್ತಿರುವ ನಮ್ಮದೇ ಜೀವಕೋಶಕ್ಕೆ ತೊಂದರೆ ಕೊಡಬಹುದು ಅಂದರು. ಸಾದಾ ಸ್ಪಂಜಿನಂಥ ಡ್ರೆಸ್ಸಿಂಗ್ ಬಂತು. ಅದು ಅಗ್ಗ. ತಮ್ಮ ಅವತ್ತು ಆಸ್ಪತ್ರೆ ಎದುರಿಗೆ ಎಲ್ಲರಿಗೂ ಮಂಡಾಳ ಒಗ್ಗರಣೆ, ಮಿರ್ಚಿ ಕೊಡಿಸಿದ. ಅಪ್ಪನಿಗೆ ಒಂದೇ ಮಿರ್ಚಿ. ಎರಡನೆಯದಕ್ಕೆ ಅವ್ವ ತಟ್ಟೆ ಎಳೆದಳು.

ಇಂಥ ಹಾಳೆಗಳ ಬಗ್ಗೆ ಈಗಲೂ ಸಿಕ್ಕಿದ್ದೆಲ್ಲ ಓದುತ್ತೇನೆ. ಸತುವಿನ ಆಕ್ಸೈಡ್, ತಾಮ್ರ, ಸಿಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನಿನಲ್ಲಿ ಬೆಳ್ಳಿಯ ಕಣ ಹಿಡಿಸಿದ ಬಟ್ಟೆ, ಸೋಂಕು ಇದ್ದಾಗ ಮಾತ್ರ ಔಷಧಿ ಬಿಡುವ ಜೆಲ್, ಹೀಗೆ ಲ್ಯಾಬುಗಳಲ್ಲಿ ಎಷ್ಟೋ ನಡೆದಿದೆ. ಅದರಲ್ಲಿ ಬಹಳಷ್ಟು ಇನ್ನೂ ಇಲಿಗಳ ಬೆನ್ನ ಮೇಲಿದೆ. ಇಲಿಗೆ ಹದಿನಾಲ್ಕು ವರ್ಷದ ಶುಗರ್ ಇರೋದಿಲ್ಲ. ಒಡೆದ ಬದು ನೋಡಲು ಹೋಗುವ ಚಟವೂ ಇರೋದಿಲ್ಲ. ಕಾಗದದ ಮೇಲೆ ಚೆನ್ನಾಗಿ ಕಾಣುವ ಹಾಳೆ ಕಾರಟಗಿಯ ಮೆಡಿಕಲ್ ಅಂಗಡಿ ದಾಟಿ ನಮ್ಮ ಪಡಸಾಲೆಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಅನ್ನೋದನ್ನೇ ನಾನೀಗ ಮೊದಲು ಹುಡುಕುವುದು. ಯಾವ ನೀರಿನಲ್ಲಿ ನೆನೆಸಬೇಕು ಅಂತ ಪೊಟ್ಟಣದ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದರೆ ಕಂಪನಿಗೆ ಏನು ನಷ್ಟ?

ದೀಪಾವಳಿಗೆ ಒಂದು ವಾರ ಇರುವಾಗ ಗಾಯ ಮುಚ್ಚಿತು. ಅಲ್ಲಿ ಚರ್ಮ ಇನ್ನೂ ಈರುಳ್ಳಿ ಸಿಪ್ಪೆಯಷ್ಟೇ ತೆಳು. ಅಪ್ಪನಿಗೆ ಎಂಸಿಆರ್ ಚಪ್ಪಲಿ ಮಾಡಿಸಿದ್ದೇವೆ. ಒಳಗೆ ಮೆತ್ತನೆಯ ರಬ್ಬರ್ ಇರುವ, ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗೂ ಕೊಡುವ ಚಪ್ಪಲಿ. ಮನೆಯೊಳಗೂ ಅದನ್ನು ಹಾಕಿಕೊಳ್ಳಬೇಕು ಅನ್ನೋದು ಅವ್ವನಿಗೆ ನುಂಗಲಾರದ ತುತ್ತು. ದೇವರ ಕೋಣೆಯ ಮುಂದೆ ಒಂದು ಗೆರೆ ಎಳೆದು, ಅಲ್ಲಿತನಕ ಅಂತ ರಾಜಿ ಆಗಿದೆ. ರಾತ್ರಿ ಊಟ ಆದ ಮೇಲೆ ಅವ್ವ ಟಾರ್ಚ್ ಹಿಡಿದು ಎರಡೂ ಅಂಗಾಲು, ಬೆರಳ ಸಂದು ನೋಡುತ್ತಾಳೆ. ಅಪ್ಪ ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಬೈಕ್ ಮೇಲೆ ಕೂತೇ ನೋಡಿ ಬರುತ್ತೇನೆ ಅನ್ನುತ್ತಾನೆ. ತಮ್ಮನೂ ಹಾಗೇ ಹೇಳುತ್ತಾನೆ. ಅವನು ಯಾವತ್ತಿದ್ದರೂ ಅಪ್ಪನ ಪಾರ್ಟಿ.

ಕೊನೆಗೆ ಒಂದು ಬೆಳ್ಳಿ ಹಾಳೆ ಒಡೆಯದೆ ಉಳಿಯಿತು. ಆಸ್ಪತ್ರೆಗೆ ವಾಪಸ್ ಕೊಟ್ಟರೆ ಇನ್ನೊಬ್ಬರಿಗೆ ಆಗುತ್ತಿತ್ತು ಅಂತ ಹುಡುಕಿದರೆ ಎಲ್ಲೂ ಇಲ್ಲ. ಅವ್ವ ಅದನ್ನು ತಿಜೋರಿಯಲ್ಲಿ ಲಕ್ಷ್ಮಿ ಪೂಜೆಯ ರೂಪಾಯಿ, ನನ್ನ ಹಳೆಯ ಒಳಲೆ, ಕಾಲ್ಗೆಜ್ಜೆಯ ಜೊತೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ಇದಕ್ಕೆ ಎಕ್ಸ್‌ಪೈರಿ ಡೇಟ್ ಇರುತ್ತದವ್ವ ಅಂದೆ.

"ಬೆಳ್ಳಿಗೆ ಎಂಥಾ ಎಕ್ಸ್‌ಪೈರಿ?" ಅಂತ ತಿಜೋರಿ ಬಾಗಿಲು ಹಾಕಿದಳು.